ದನದ ಕಂಪೌಂಡರ್ ಹೇಳಿಕೊಟ್ಟ ಧ್ಯಾನ

ಕಣ್ಣು ಮುಚ್ಚಿ ಕೂತವರಿಂದ ಯಾವ ತಾಪತ್ರಯವೂ ಇಲ್ಲ ಎಂದು ನಾನೂ ಒಂದು ಕಾಲಕ್ಕೆ ನಂಬಿದ್ದೆ. ಧ್ಯಾನದ ವರ್ಗ ಶುರು ಮಾಡಿದ ಮೇಲೆ ಆ ನಂಬಿಕೆ ಹೋಯಿತು. ನಾಲ್ಕು ತಾಲ್ಲೂಕು ತಿರುಗಿದೆ, ನಾಲ್ಕರಲ್ಲೂ ಒಂದಿಲ್ಲೊಂದು ಫಜೀತಿ.

ನಾನು ದನದ ದವಾಖಾನೆಯ ಕಂಪೌಂಡರ್. ಎಮ್ಮೆಯ ಯಜಮಾನ ಅದರ ಕುತ್ತಿಗೆ ಬಿಗಿಯಾಗಿ ಹಿಡಿಯುತ್ತಾನೆ, ನಾನು ಅದನ್ನು ರಮಿಸುತ್ತ ಸೂಜಿ ಮಾಡುತ್ತೇನೆ. ಎಪ್ಪತ್ತರ ದಶಕದ ಕೊನೆಗೆ ನನಗೇ ಬಿ.ಪಿ. ಏರಿ, ಡಾಕ್ಟರು ಹುಬ್ಬಳ್ಳಿಯ ಒಂದು ಧ್ಯಾನ ಶಿಬಿರಕ್ಕೆ ಅಟ್ಟಿದರು. ಬಿ.ಪಿ. ಇಳಿಯಿತು, ನಾನೂ ಹೇಳಿಕೊಡಬೇಕೆಂಬ ಹುಚ್ಚು ಏರಿತು. ಅಲ್ಲಿನ ಗುರುಗಳ ಪದ್ಧತಿಯಲ್ಲಿ ಬರೆದುಕೊಂಡು ಓದುವಂತಿಲ್ಲ. ಎದುರಿಗಿರುವವರನ್ನು ನೋಡಿ, ಒಳಗಿನಿಂದ ಹೊಳೆದ ಚಿತ್ರವನ್ನು ಮಾತಿನಲ್ಲಿ ಕಟ್ಟಿ, ಅವರನ್ನು ಅದರೊಳಗೆ ಕರೆದೊಯ್ಯಬೇಕು.

"ನಿಮ್ಮ ಕಡೆ ನಡಸಿ ನೋಡ್ರಿ. ಒಂದಿನ ನಾನೇ ಬಂದು ಜನರ ನಡುವ ಕೂಡ್ತೀನಿ. ಮನಸಿಗೆ ಬಂದ್ರ ಒಪ್ಪಿಗಿ, ಇಲ್ಲಂದ್ರ ದನಾ ನೋಡ್ಕೊಂಡು ಇರ್ರಿ" ಅಂದರು ಗುರುಗಳು.

ಆ ಒಪ್ಪಿಗೆ ನನಗೆ ಬೇಕೇ ಬೇಕಿತ್ತು. ನೌಕರಿಗೆ ಸೇರಿದಾಗಿನಿಂದ ನನಗೆ ಯಾವ ಮನುಷ್ಯನೂ ಭೇಷ್ ಅಂದಿರಲಿಲ್ಲ.

ಕುಷ್ಟಗಿಯ ಸಮುದ್ರ

ಮೊದಲ ವರ್ಗ ಕುಷ್ಟಗಿಯಲ್ಲಿ. ರೇಡಿಯೋದಲ್ಲಿ ವಾರ್ತೆ ಓದುವವರ ದನಿ ತಂದುಕೊಂಡು, ನೀವು ಸಮುದ್ರದ ದಂಡೆಯ ಮೇಲೆ ಕುಳಿತಿದ್ದೀರಿ, ಅಲೆಗಳು ಬರುತ್ತಿವೆ ಅಂದೆ. ಶಿಬಿರದಲ್ಲಿ ನನಗೆ ಬಹಳ ಹಿಡಿಸಿದ ಚಿತ್ರ ಅದು. ಮುಗಿದ ಮೇಲೆ ಏನು ಕಂಡಿರಿ ಎಂದು ಕೇಳಿದೆ. ಹುಟ್ಟಿದಾಗಿನಿಂದ ಸಮುದ್ರ ಕಂಡವರು ಅವರಲ್ಲಿ ಯಾರೂ ಇರಲಿಲ್ಲ. ಕುರಿ ಕಾಯುವ ಅಜ್ಜನೊಬ್ಬ ಮಾತ್ರ ಧ್ಯಾನದಲ್ಲಿ ಕಂಡಿದ್ದ, ಸಿಟ್ಟಿಗೂ ಎದ್ದಿದ್ದ.

"ಅಷ್ಟೂ ಕುರಿ ನೀರಿಗೆ ಬಿಟ್ಟೆರಿ, ಒಂದೂ ಬಾಯಿ ಹಚ್ಚಲಿಲ್ಲ. ಅದು ಉಪ್ಪುನೀರಂತಲ್ರಿ. ಮದ್ಲ ಹೇಳಬಾರದೇನ್ರಿ?"

ಗಂಗಾವತಿಯ ಕಾಲುವೆ

ನೌಕರಿಯಲ್ಲಿ ಗಂಗಾವತಿಗೆ ವರ್ಗಾವಣೆಯಾಯಿತು. ಈ ಸಲ ಜನ ಕಂಡ ನೀರನ್ನೇ ತೋರಿಸಬೇಕೆಂದು ಕಾಲುವೆ ಹಿಡಿದೆ. ನೀರು ತುಂಬಿ ಹರಿಯುತ್ತಿದೆ, ನಿಮ್ಮ ಗದ್ದೆಗೆ ಇಳಿಯುತ್ತಿದೆ ಅನ್ನುತ್ತಲೇ ಮುಖಗಳು ಅರಳಿದವು. ನನಗೂ ಹುರುಪು ಬಂತು. ಒಳಗಿನಿಂದ ಹೊಳೆದದ್ದನ್ನು ತಡೆಯಬಾರದಲ್ಲ, ಕಾಲುವೆಯ ಮೇಲ್ಭಾಗದವರ ಗದ್ದೆಗಳೂ ತುಂಬುತ್ತಿವೆ ಅಂದುಬಿಟ್ಟೆ. ಕಾಲುವೆಯ ಕೊನೆಗೆ ಹೊಲವಿದ್ದ ಇಬ್ಬರು ತಟ್ಟನೆ ಕಣ್ಣು ತೆರೆದರು. ಮೇಲಿನವರು ತೂಬು ತೆಗೆದಿದ್ದಾರೆ, ನಮ್ಮ ಪಾಳಿಯ ನೀರು ಹೋಯಿತು ಎಂದು ಸೈಕಲ್ ಹತ್ತಿದರು. ಅವರ ಹಿಂದೆ ಉಳಿದವರೂ ಓಡಿದರು.

ಕೊನೆಗೆ ಒಬ್ಬನೇ ಕಣ್ಣು ಮುಚ್ಚಿ ನಗುತ್ತ ಕೂತಿದ್ದ. ಅವನದು ಮೇಲಿನ ಗದ್ದೆ. ಧ್ಯಾನ ಭಾಳ ಛಲೋ ಆತ್ರಿ ಅಂದ.

ಯಲಬುರ್ಗಾದ ಬಾವಿ

ಯಲಬುರ್ಗಾದಲ್ಲಿ ಎಲ್ಲರನ್ನೂ ಮೆಟ್ಟಿಲಿಳಿಸಿ ತಂಪಾದ ಬಾವಿಯ ತಳಕ್ಕೆ ಒಯ್ದಿದ್ದೆ. ಅಷ್ಟರಲ್ಲಿ ಆಕಳೊಂದು ಕರು ಹಾಕಲಾರದೆ ಒದ್ದಾಡುತ್ತಿದೆ ಎಂದು ಕರೆ ಬಂತು, ಅರ್ಧಕ್ಕೇ ಎದ್ದು ಓಡಿದೆ. ಮರುದಿನ ಬೆಳಿಗ್ಗೆ ಒಬ್ಬ ಮಾಸ್ತರರ ಹೆಂಡತಿ ದವಾಖಾನೆಗೆ ಬಂದರು.

"ನಮ್ಮ ಮನ್ಯಾರನ್ನ ಬಾವ್ಯಾಗ ಇಳಿಸಿ ಬಂದೀರಂತ. ಕಟಗಿ ಒಡೀರಿ ಅಂದ್ರ, ನಾ ಇನ್ನಾ ಮ್ಯಾಲ ಬಂದಿಲ್ಲ ಅಂತಾರ. ಬಂದು ಎತ್ತಿ ಕೊಡ್ರಿ."

ಕೊಪ್ಪಳಕ್ಕೆ ಗುರುಗಳು

ಕಡೆಗೆ ಕೊಪ್ಪಳದಲ್ಲಿದ್ದಾಗ ಗುರುಗಳು ಬಂದರು. ಹೇಳಿದಂತೆ ಜನರ ನಡುವೆಯೇ ಕೂತರು. ಬಂದವರೆಲ್ಲ ನನ್ನ ದವಾಖಾನೆಯ ಪರಿಚಯದವರು. ಗುರುಗಳ ಮಗ್ಗುಲಿಗೆ ಹಿಟ್ನಾಳದ ಒಬ್ಬ ಗಟ್ಟಿಮುಟ್ಟಾದ ರೈತ. ಅವನ ಎತ್ತುಗಳಿಗೆ ಸೂಜಿ ಮಾಡುವವನು ನಾನೇ.

ರೇಡಿಯೋ ದನಿಯಲ್ಲಿ ಶುರು ಮಾಡಿದೆ. ಒಬ್ಬ ಕೆಮ್ಮಿದ, ಇನ್ನೊಬ್ಬ ತುರಿಸಿಕೊಂಡ, ಗುರುಗಳ ಹುಬ್ಬು ಗಂಟಾಯಿತು. ಹೋಯಿತು ಒಪ್ಪಿಗೆ ಅಂದುಕೊಂಡೆ. ಹೊಳೆಯುವುದೆಲ್ಲ ನಿಂತುಹೋಯಿತು. ಎದುರಿಗೆ ಮಿಸುಕಾಡುತ್ತಿದ್ದ ಅಷ್ಟು ಜನರನ್ನು ನೋಡಿದ್ದೇ, ದಿನಾಲೂ ಎಮ್ಮೆಗಳ ಮುಂದೆ ಆಡುವ ಮಾತು ತಾನಾಗಿ ಬಾಯಿಗೆ ಬಂತು.

"ಹೋ... ಹೋ... ಏನಿಲ್ಲವ್ವ, ಏನಿಲ್ಲ. ಸುಮ್ನ ನಿಂದ್ರು."

ಇಡೀ ಕೋಣೆ ಗಪ್ಪಾಯಿತು. ಇದೇ ಅಲ್ಲವೇ ಗುರುಗಳು ಹೇಳಿದ ಒಳದನಿ ಎಂದು ನನಗೆ ಸಂತೋಷ ತಡೆಯಲಾಗಲಿಲ್ಲ. ನಾನೂ ಕಣ್ಣು ಮುಚ್ಚಿ ಕೊಟ್ಟಿಗೆಯ ನೆರಳು, ಒಣ ಮೇವಿನ ವಾಸನೆ, ಮೆಲುಕು ಹಾಕುವ ಸದ್ದು ಎಲ್ಲವನ್ನೂ ಒಂದೊಂದಾಗಿ ಹೇಳಿದೆ. ಒಬ್ಬರೂ ಕೆಮ್ಮಲಿಲ್ಲ.

ಮುಗಿಸಿ ಕಣ್ಣು ತೆರೆದೆ. ಹಿಟ್ನಾಳದ ರೈತ ಆ ದನಿ ಕೇಳಿದೊಡನೆ ರೂಢಿಯಂತೆ ತನ್ನ ಕೆಲಸ ಮಾಡಿದ್ದ. ಮುಚ್ಚಿದ ಕಣ್ಣು ಮುಚ್ಚಿದಂತೆಯೇ ಪಕ್ಕದವರ ಕುತ್ತಿಗೆಯನ್ನು ಕಂಕುಳಲ್ಲಿ ಒತ್ತಿ ಹಿಡಿದು ಕೂತಿದ್ದ.

"ಸೂಜಿ ಮಾಡೋದಾತೇನ್ರಿ?" ಅಂದ.

ಅವನ ಕಂಕುಳಿಂದ ಗುರುಗಳ ದನಿ ಕೇಳಿಸಿತು: "ಭೇಷ್ ಆತ್ರಿ. ಇಷ್ಟು ಅಲ್ಲಾಡದಂಗ ನಾ ಎಂದೂ ಕೂತಿದ್ದಿಲ್ಲ. ಒಪ್ಪಿಗಿ ಐತಿ, ನಡಸ್ರಿ. ಮದ್ಲ ಇವರಿಗೆ ನನ್ನ ಕುತ್ತಿಗಿ ಬಿಡಾಕ ಹೇಳ್ರಿ."