ಮೂರು ಗುಳಿಗೆಯ ಸ್ಯಾಂಪಲ್

ಅಜ್ಜ ಶಾಂತಯ್ಯ ಹರಾಜಿನ ಸವಾಲು ಕೂಗಿದರೆ ಸಂತೆಯ ಎತ್ತುಗಳು ಮೇವು ಬಿಟ್ಟು ಕಿವಿ ನಿಮಿರಿಸುತ್ತಿದ್ದವಂತೆ! ಅಪ್ಪ ಚನ್ನಯ್ಯನಂತೂ ಮೈಕು ತಂದವನನ್ನು, "ನನ್ನ ಮುಂದ ನಿನ್ನ ಡಬ್ಬಿ ಪಿಸುಗುಡತೈತಿ, ಒಯ್ಯೋ" ಎಂದು ಅಟ್ಟಿದ ಧೀರ. ಅಂಥ ವಂಶದ ಕುಡಿ ಬಸವಪ್ರಭು, ಅಮರಗೋಳದ ಮಾರುಕಟ್ಟೆಯಲ್ಲಿ ಒಣಮೆಣಸಿನಕಾಯಿಯ ಸವಾಲು ಕೂಗುವವನು. ಹಂಗಾಮಿನ ಮೊದಲ ಸವಾಲನ್ನು ಆ ಮನೆತನ ಬಿಟ್ಟು ಬೇರೊಬ್ಬರು ಕೂಗಿದ್ದೇ ಇಲ್ಲ. ಅದಕ್ಕೆ ಇನ್ನು ಆರೇ ದಿನ ಇರುವಾಗ ಅವನಿಗೆ ಜ್ವರ ಬಂತು. ಉಗುಳು ನುಂಗಿದರೂ ಗಂಟಲಲ್ಲಿ ಗಾಜು ಚುಚ್ಚಿದ ಹಾಗಾಯಿತು.

ಡಾಕ್ಟರ್ ಯಶೋಧರಾ ಹತ್ತಿಯ ಕಡ್ಡಿಯಿಂದ ಗಂಟಲು ಸವರಿ ಪರೀಕ್ಷೆ ಮಾಡಿದರು.

"ಇದು ಬರೇ ನೆಗಡಿ ಅಲ್ರಿ, ಸ್ಟ್ರೆಪ್ ಥ್ರೋಟ್. ಬ್ಯಾಕ್ಟೀರಿಯಾದ್ದು, ಒಬ್ಬರಿಂದ ಒಬ್ಬರಿಗೆ ಅಂಟತೈತಿ. ಹತ್ತು ದಿನ ಗುಳಿಗಿ ತಪ್ಪಸಬ್ಯಾಡ್ರಿ. ನಡುವ ಬಿಟ್ರ ತಿರುಗಿ ಬರತೈತಿ, ಹೃದಯಕ್ಕೂ ಪೆಟ್ಟು ಬೀಳಬಹುದು."

ಮೂರನೆಯ ಗುಳಿಗೆಗೇ ನೋವು ಮಾಯ!

"ಗುಳಿಗಿ ಬಂದ್!" ಎಂದು ಮನೆಯಲ್ಲಿ ಸಾರಿದ.

"ಯಾರನ್ನ ಕೇಳಿ?" ಎಂದಳು ಹೆಂಡತಿ ದಾಕ್ಷಾಯಿಣಿ.

"ಚೀಲಕ್ಕ ಕೈ ಹಾಕಿ ಒಂದು ಹಿಡಿ ಕಾಯಿ ನೋಡಿದ್ರ ಇಡೀ ಚೀಲದ ಹಣೇಬರಾ ಹೇಳಾಂವ ನಾ. ಮೂರು ಗುಳಿಗಿ ನೋಡೇನಿ. ರೋಗ ಹೋತು!"

"ಮ್ಯಾಲ ಒಣಾ ಕಾಯಿ, ತಳಕ್ಕ ತೊಯ್ದ ಕಾಯಿ ತುಂಬಿ ತರೋರನ್ನ ನೋಡೇ ಇಲ್ಲೇನ್ರಿ?"

"ನನ್ನ ಗಂಟಲ ಅಂಥಾ ಕಳ್ಳ ಚೀಲ ಅಲ್ಲ!"

ಅಂದೇ ಮಾಳಿಗೆ ಹತ್ತಿ ಒಂದು ತಾಸು ಅಭ್ಯಾಸ ಮಾಡಿದ. ಅವನ ಮನೆಯಿದ್ದ ಬೈರಿದೇವರಕೊಪ್ಪದ ನಾಯಿಗಳೆಲ್ಲ ಗೌರವದಿಂದ ಉತ್ತರ ಕೊಟ್ಟವು.

ಸವಾಲಿನ ದಿನ ಬೆಳಗ್ಗೆ ಮತ್ತೆ ಜ್ವರ. ಆದರೂ ತಲೆಗೆ ಪಟಕಾ ಸುತ್ತಿ ಹೋದ. ಪೂಜೆ ಮಾಡಿ ತೆಂಗಿನಕಾಯಿ ಒಡೆದರು. ಚೀಲದ ಮೇಲೆ ನಿಂತು ಬಾಯಿ ತೆರೆದರೆ ಪಂಕ್ಚರ್ ಆದ ಸೈಕಲ್ಲಿನ ಹಾಗೆ ಬರೀ ಗಾಳಿ!

"ಕಾಕಾ, ಆವಾಜ್ ಮನ್ಯಾಗ ಮರ್ತು ಬಂದ್ರ್ಯಾ?" ಎಂದ ಖರೀದಿದಾರ ಜುಲ್ಫಿಕಾರ. ಬೇರೆ ಕೂಗುವವನೊಬ್ಬ ಆಗಲೇ ತೋಳೇರಿಸಿ ಮುಂದೆ ಬಂದ. ಮೂರು ತಲೆಮಾರಿನ ಮಾನ ಚೀಲದಿಂದ ಕೆಳಗಿಳಿಯುವ ಹೊತ್ತು!

ಅಷ್ಟರಲ್ಲಿ ಗುಳಿಗೆ ಹಿಡಿದು ಬಂದ ದಾಕ್ಷಾಯಿಣಿ ಗುಡುಗಿದಳು: "ಇಳೀರಿ ಕೆಳಗ! ಜ್ವರದಾಗ ಇಲ್ಲೇನ್ ಕುಣ್ಯಾಕತ್ತೀರಿ?"

ಇಡೀ ಮಾರುಕಟ್ಟೆ ಗಪ್ಪಾಯಿತು. ತಕ್ಕಡಿಗಳೂ ಅಲುಗಾಡಲಿಲ್ಲ.

"ಕಾಕೀ, ನೀವೂ ಅದ ಮನಿಯವರಲ್ಲೇನ್ರಿ! ನೀವ ಕೂಗ್ರಿ!" ಎಂದ ಜುಲ್ಫಿಕಾರ.

ಬಸವಪ್ರಭು ಇಳಿದು, ಗುಳಿಗೆ ನುಂಗಿ, ಮೂಲೆ ಹಿಡಿದ. ಅವಳು ಸೆರಗು ಬಿಗಿದು ಚೀಲ ಏರಿದಳು. ಮೊದಲ ಚೀಲಕ್ಕೇ ಹೋದ ವರ್ಷದ ದರ ಹಿಂದೆ ಬಿತ್ತು!

ಇಪ್ಪತ್ತು ಚೀಲ ಮುಗಿಯುವಾಗ ಅವಳ ದನಿ ಕೊಂಚ ಒಡೆಯಿತು. ಬಸವಪ್ರಭು ಓಡಿ ಹೋಗಿ ತಾನು ಕುಡಿಯುತ್ತಿದ್ದ ನೀರಿನ ಬಾಟಲಿ ಚಾಚಿದ.

"ದೂರ ಸರೀರಿ!" ಎಂದಳು ದಾಕ್ಷಾಯಿಣಿ. "ನೀವು ಬಾಯಿ ಹಚ್ಚಿದ ನೀರು ನನಗ ಬ್ಯಾಡ. ಈ ಮನೆತನಕ್ಕ ಇನ್ನ ಉಳದಿದ್ದು ಇದೊಂದ ಗಂಟಲ!"