ಸ್ಟಾಕ್‌ಹೋಮಿನಲ್ಲಿ ಮೂರು ಗಂಟೆಯ ಸುಳ್ಳು

ಮೂರು ದಿನದ ಪ್ರವಾಸವನ್ನು ಯೋಜಿಸಲು ಮೆಟ್ರಿಕ್ ಸಾಕು ಎಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು.

ವೆಲ್ಡ್‌ಹೋವನ್‌ ಎಂಬ ಡಚ್ ಊರಿನಲ್ಲಿರುವ ಮಗಳು ಸುಜಾತಾ ಡಿಸೆಂಬರಿನಲ್ಲಿ ತನ್ನ ಮನೆಗೆ ಬಂದಿದ್ದ ನಮಗೆ ಗಂಡಹೆಂಡಿರಿಗೆ ಸ್ಟಾಕ್‌ಹೋಮ್ ಟಿಕೆಟ್ ತೆಗೆಸಿದಳು. "ಅಪ್ಪಾ, ಅಲ್ಲಿ ಮೂರಕ್ಕ ಕತ್ತಲಾಗ್ತದ. ಪ್ಲ್ಯಾನ್ ನಾನ ಮಾಡ್ಲೇನು?"

"ಯಾಕ, ನನಗ ತಲಿ ಇಲ್ಲೇನು?"

ಬೆಳಕಿರುವುದು ಆರೇ ತಾಸು. ಆದ್ದರಿಂದ ಬೆಳಕಿದ್ದಾಗ ಊರು ನೋಡುವುದು, ಕತ್ತಲಾದ ಮೇಲೆ ಕೋಣೆಯಲ್ಲಿ ನಿಶ್ಚಿಂತೆಯಾಗಿ ಉಣ್ಣುವುದು. ಎಂಥ ಯೋಜನೆ! ಒಂದು ಸಣ್ಣ ಸಂಗತಿ ಮಾತ್ರ ಬಿಟ್ಟುಹೋಗಿತ್ತು: ಹೆಂಡತಿ.

ನಾವು ಬೆಳಗಾವಿ ಕಡೆಯ ಜೈನರು. ನನ್ನ ಪದ್ಮಾವತಿ ನಲವತ್ತಾರು ವರ್ಷಗಳಿಂದ ಸೂರ್ಯ ಮುಳುಗಿದ ಮೇಲೆ ಒಂದು ತುತ್ತೂ ಮುಟ್ಟಿಲ್ಲ. ನಾನು ಮುಟ್ಟದ ರಾತ್ರಿಯಿಲ್ಲ.

ಮೊದಲ ದಿನ ಅವಳಿಗೆ ಹಾಲು ಮಾತ್ರ ಕುಡಿಸಿ ಅವಸರದಿಂದ ಹೊರಡಿಸಿದೆ. ಅರಮನೆಯ ಮುಂದೆ ಕಾವಲುಗಾರರು ಬದಲಾಗುವುದನ್ನು ನೋಡಿದೆವು. ಆಮೇಲೆ ಮ್ಯೂಸಿಯಂ. ಹೊರಬಂದಾಗ ಆಕಾಶವೂ ಬದಲಾಗಿತ್ತು!

"ಇರ್ಲಿ ಬಿಡ್ರಿ, ಒಂದ್ ದಿನಕ್ಕ ಏನಾಗ್ತದ," ಎಂದು ಪದ್ಮಾ ಉಣ್ಣದೆಯೇ ಮಲಗಿದಳು.

ಎರಡನೆಯ ದಿನ ಒಂದು ಗಂಟೆಗೇ ಊಟವೆಂದು ತಿದ್ದುಪಡಿ ಹೊರಡಿಸಿದೆ. ಬೆಳಿಗ್ಗೆ ಮತ್ತೆ ಹಾಲು. ಭಾರವೆಂದು ಚಪಾತಿಯ ಚೀಲವನ್ನು ಕೋಣೆಯಲ್ಲೇ ಇಡಿಸಿದೆ. ಹತ್ತಿದ್ದು ತಪ್ಪು ದೋಣಿ! ಯಾವುದೋ ದ್ವೀಪ ಸುತ್ತಿ ಕೋಣೆಗೆ ಮರಳಿದಾಗ ಮೂರು ಗಂಟೆ. ಪದ್ಮಾ ಗೋಡೆ ಹಿಡಿದೇ ಒಳಗೆ ಬಂದು ಮಂಚದ ಮೇಲೆ ಕುಸಿದಳು.

"ಸೂರ್ಯ ಮುಳುಗ್ಯಾನೇನ್ರಿ?"

ಕಿಟಕಿಯ ಬಳಿ ನಿಂತು ಬಹಳ ಹೊತ್ತು ಪರೀಕ್ಷಿಸುವವನಂತೆ ನಟಿಸಿದೆ. "ಇಲ್ಲ. ಮೋಡ ಮುಚ್ಯಾವ ಅಷ್ಟ. ಉಣ್ಣು."

ನಂಬಿದಳು. ಎರಡು ಚಪಾತಿ ಉಂಡಳು. ಮುಖಕ್ಕೆ ಕಳೆ ಬಂತು. ನನ್ನ ಜಾಣತನವನ್ನು ನಾನೇ ಮೆಚ್ಚಿಕೊಂಡೆ, ಐದು ನಿಮಿಷ. ಅಷ್ಟರಲ್ಲಿ ಮಗಳ ವಿಡಿಯೋ ಕಾಲ್ ಬಂತು!

"ಅವ್ವಾ, ಅಲ್ಲಿ ಎರಡೂಮುಕ್ಕಾಲಕ್ಕ ಸೂರ್ಯ ಮುಳುಗ್ತಾನಂತ ಫೋನ್ ತೋರಸ್ತದ. ಅದಕ್ಕಿಂತ ಮೊದಲ ಉಂಡಿ ಹೌದಿಲ್ಲೋ?"

ಪದ್ಮಾ ನನ್ನ ಕಡೆ ತಿರುಗಿದಳು. "ಗೊತ್ತಿದ್ದ ಹೇಳಿದ್ರೇನು?"

"ನೀ ಬೀಳ್ತಿದ್ದಿ, ಪದ್ಮಾ..."

"ಬಿದ್ದಿದ್ರ ಎಬ್ಬಸಬೇಕಿತ್ತು. ಸುಳ್ಳ ಯಾಕ ಹೇಳಿದ್ರಿ?"

ಮರುದಿನ ಪ್ರಾಯಶ್ಚಿತ್ತವೆಂದು ಬರೀ ಬಿಸಿನೀರು ಕುಡಿದು ಕುಳಿತಳು. ಒಂದು ಊಟ ಮಾಡಿಸಲು ಹೋಗಿ ಇಡೀ ದಿನದ ಊಟ ತಪ್ಪಿಸಿದ ಮಹಾಶಯ ನಾನು! "ನಾನೂ ಉಪವಾಸ ಇರ್ತೀನಿ," ಎಂದು ಘೋಷಿಸಿದೆ.

"ನಿಮ್ಮಿಂದ ಆಗೂದಿಲ್ಲ. ಉಣ್ರಿ."

ಹನ್ನೊಂದರವರೆಗೆ ತಡೆದೆ. ಆಮೇಲೆ ಅವಳ ಪಾಲನ್ನೂ ಉಂಡೆ.

ವೆಲ್ಡ್‌ಹೋವನ್‌ಗೆ ಮರಳಿದ ಮೇಲೆ ಸೂರ್ಯ ಮುಳುಗಿದನೇ ಎಂದು ಅವಳು ನನ್ನನ್ನು ಕೇಳುವುದಿಲ್ಲ. ನಾಲ್ಕು ವರ್ಷದ ಮೊಮ್ಮಗಳನ್ನು ಕೇಳುತ್ತಾಳೆ. ಆ ಮಗು ಡಚ್ಚಿನಲ್ಲಿ ಏನೋ ಹೇಳುತ್ತದೆ. ಪದ್ಮಾಳಿಗೆ ಒಂದಕ್ಷರವೂ ತಿಳಿಯುವುದಿಲ್ಲ. ಆದರೂ ಅದನ್ನೇ ನಂಬುತ್ತಾಳೆ!