ಸೆವಿಲ್‌ನ ಎರಡು ದಿನ, ನಂಜನಗೂಡಿನಿಂದ ಕಂಡಂತೆ

ನನ್ನ ಹಳೆಯ ಡೈರಿಯಲ್ಲಿ ಏಪ್ರಿಲ್ ಹನ್ನೆರಡು, ಶನಿವಾರದ ಪುಟ ಹೀಗೆ ಶುರುವಾಗುತ್ತದೆ: 'ಬೆಳಿಗ್ಗೆ 11.10. ಮಗು ಬಸ್ ಹತ್ತಿದಳು. ಜೊತೆಗೆ ಯಾರೂ ಇಲ್ಲ. ದೇವರಿದ್ದಾನೆ.'

ಮಗು ಎಂದರೆ ಇಪ್ಪತ್ತೆರಡು ವರ್ಷದ ನನ್ನ ಮೊಮ್ಮಗಳು. ತಿ. ನರಸೀಪುರದಲ್ಲಿರುವ ಮಗಳ ಮಗಳು. ಸ್ಪೇನಿನ ಗ್ರನಾಡಾದಲ್ಲಿ ಎಂ.ಎಸ್ಸಿ. ಓದುತ್ತಿದ್ದಳು. ಶನಿವಾರ, ಭಾನುವಾರ ರಜೆಯೆಂದು, ಮೂರು ಗಂಟೆ ದಾರಿಯ ಸೆವಿಲ್ ಎಂಬ ಪುರಾತನ ಊರು ನೋಡಲು ಹೊರಟಿದ್ದಳು.

ನಮ್ಮ ಬೀದಿಯಲ್ಲಿ ಬಿ.ಎಸ್ಸಿ. ಮುಗಿಸಿದ ಮೊದಲ ಹೆಂಗಸು ನಾನು. ಸುಮ್ಮಸುಮ್ಮನೆ ಹೆದರುವವಳಲ್ಲ. ಆದರೆ ನಮ್ಮ ಮನೆಯವರು ಯಾರೇ ಊರು ಬಿಟ್ಟು ಹೊರಟರೂ ಏನಾದರೊಂದು ಆಗದೆ ಇರುವುದಿಲ್ಲ. ನಲವತ್ತು ವರ್ಷದ ಡೈರಿಗಳಿವೆ, ತೆರೆದು ತೋರಿಸಬಲ್ಲೆ. ಹಾಗಾಗಿ ಅವಳಿಗೆ ಮೊದಲೇ ಹೇಳಿದ್ದೆ: ಗಂಟೆಗೊಂದು ಫೋಟೊ ಕಳಿಸಬೇಕು, ಅವಳಿರುವ ಜಾಗ ನನ್ನ ಫೋನಿನ ನಕ್ಷೆಯಲ್ಲಿ ಸದಾ ಕಾಣುತ್ತಿರಬೇಕು.

1. ಬಂದ್

ಸಂಜೆ ಐದೂವರೆಗೆ ಒಂದು ಫೋಟೊ ಬಂತು. ಅಲ್ಲಿ ಆಗ ಮಧ್ಯಾಹ್ನ ಎರಡು. ದೊಡ್ಡ ಬಜಾರು, ಎಲ್ಲ ಅಂಗಡಿಗೂ ಬಾಗಿಲು ಹಾಕಿದೆ. ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲ.

ಕಾವೇರಿ, ಕಪಿಲೆಯ ನಡುವೆ ಬದುಕಿದವರಿಗೆ ಇದರ ಅರ್ಥ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಕೂಡಲೇ ನರಸೀಪುರಕ್ಕೆ ಫೋನ್ ಮಾಡಿದೆ.

"ಅಲ್ಲಿ ಬಂದ್ ಆಗಿದೆ ಕಣೇ. ಯಾವ ಹೊಳೆ ನೀರಿಗೆ ಗಲಾಟೆಯೋ ಏನೋ. ಕಲ್ಲು ಬೀಳೋದರೊಳಗೆ ರೂಮಿಗೆ ಹೋಗೋಕೆ ಹೇಳು."

ಮಗಳು ಹೆದರಿ ಮೊಮ್ಮಗಳಿಗೆ ಫೋನ್ ಮಾಡಿದಳು. ಮೊಮ್ಮಗಳು ನನಗೆ ಮಾಡಿದಳು.

"ಬಂದ್ ಅಲ್ಲ ಅಜ್ಜಿ. ಇಲ್ಲಿ ಮಧ್ಯಾಹ್ನ ಎಲ್ಲರೂ ಅಂಗಡಿ ಮುಚ್ಚಿ ಊಟ ಮಾಡ್ತಾರೆ, ಮಲಗ್ತಾರೆ. ಆಮೇಲೆ ತೆಗೀತಾರೆ."

ನಮ್ಮ ಯಜಮಾನರು ಮೂಗೂರಿನವರು. ತಾಂಡ್ಯದ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದವರು. ಹೆಸರಿಗಿಂತ ಮೀಸೆಯಿಂದಲೇ ಅವರನ್ನು ಜನ ಗುರುತಿಸುತ್ತಿದ್ದರು. ನಿವೃತ್ತಿಯಾದ ಮೇಲೆ ಮಧ್ಯಾಹ್ನ ಮಲಗುತ್ತಾರೆಂದು ದಿನವೂ ನನ್ನಿಂದ ಬೈಸಿಕೊಳ್ಳುತ್ತಾರೆ. ಅಂದು ಕುರ್ಚಿಯಲ್ಲೇ ನೆಟ್ಟಗೆ ಎದ್ದು ಕುಳಿತರು.

"ಭಾರೀ ಒಳ್ಳೇ ಊರು ಕಣಮ್ಮಿ. ನನ್ಗೂ ಒಂದು ಪಾಸ್‌ಪೋರ್ಟ್ ಮಾಡ್ಸು."

2. ಮರ

ರಾತ್ರಿ ಊಟಕ್ಕೆ ಮುಂಚೆ ಇನ್ನೊಂದು ಫೋಟೊ. ರಸ್ತೆಯ ಇಕ್ಕೆಲದಲ್ಲೂ ಕಿತ್ತಳೆ ಮರ, ಕೈಗೆಟುಕುವ ಹಣ್ಣು. ಯಾರೂ ಕೀಳುವುದಿಲ್ಲವಂತೆ.

ಈ ಸಲ ಮೊಮ್ಮಗಳಿಗೇ ಫೋನ್ ಮಾಡಿದೆ. ನಮ್ಮ ಕಡೆ ರಸ್ತೆ ಬದಿಯ ಮರದ ಹಣ್ಣನ್ನು ಜನ ಮುಟ್ಟದೆ ಬಿಟ್ಟಿದ್ದಾರೆಂದರೆ, ಮರದಲ್ಲಿ ಏನೋ ಇದೆ ಎಂದೇ ಅರ್ಥ.

"ಅದರ ಕೆಳಗೆ ನಿಲ್ಲಬೇಡ. ಕೂದಲು ಬಿಟ್ಟುಕೊಂಡಿದ್ದರೆ ಮೊದಲು ಗಂಟು ಹಾಕು."

"ಹಣ್ಣು ಕಹಿ ಅಜ್ಜಿ, ಅದಕ್ಕೇ ಬಿಟ್ಟಿದಾರೆ. ನಾನು ತಿಂದು ನೋಡಿದೆ. ಅಂದಹಾಗೆ, ನೀನು ಬಿ.ಎಸ್ಸಿ.ಲಿ ಏನು ಓದಿದ್ದು?"

"ಸಸ್ಯಶಾಸ್ತ್ರ" ಎಂದೆ.

3. ಚೂಪು ಟೋಪಿ

ಭಾನುವಾರ ಸಂಜೆ ಏಳಕ್ಕೆ ಇನ್ನೊಂದು ಫೋಟೊ ಬಂತು.

ಇಕ್ಕಟ್ಟಿನ ಬೀದಿ. ಅದರ ತುಂಬ ಕಪ್ಪು ನಿಲುವಂಗಿಯವರು. ತಲೆಯ ಮೇಲೆ ಮೊಳದುದ್ದದ ಚೂಪು ಟೋಪಿ. ಅದೇ ಬಟ್ಟೆ ಮುಖ ಮುಚ್ಚಿ ಎದೆಯವರೆಗೆ ಇಳಿದಿದೆ. ಕಣ್ಣಿಗೆ ಎರಡೇ ತೂತು. ಎಲ್ಲರ ಕೈಯಲ್ಲೂ ಉದ್ದದ ಮೇಣದಬತ್ತಿ. ಕೆಳಗೆ ಮೊಮ್ಮಗಳ ಒಂದು ಸಾಲು: 'ಅಜ್ಜಿ, ನನ್ನ ಸುತ್ತ ಇವರೇ.'

ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಇಪ್ಪತ್ತನೆಯ ಸಲ 'ಸ್ವಿಚ್ ಆಫ್' ಎಂದಿತು. ನಕ್ಷೆಯಲ್ಲಿ ಅವಳ ಚುಕ್ಕೆ ಅಲ್ಲಿಯ ಹೊಳೆಯ ಅಂಚಿಗೆ ಬಂದು ನಿಂತಿತ್ತು. ಅಲುಗಲಿಲ್ಲ. ಹೊಳೆದಂಡೆಯ ಊರಿನವಳು ನಾನು. ಹೊಳೆಯ ಅಂಚಿನಲ್ಲಿ ಒಬ್ಬರ ಸುದ್ದಿ ನಿಂತುಹೋದರೆ ಏನೇನು ನೆನಪಾಗುತ್ತದೋ ಬರೆಯಲಾರೆ.

ನರಸೀಪುರದಿಂದ ಮಗಳ ಫೋನ್. "ಅಮ್ಮಾ, ನಿನಗಾದರೂ ಸಿಕ್ಕಿದಳಾ?" ಅಷ್ಟೇ ಹೇಳಿ ಅತ್ತಳು.

ದೇವರ ಗೂಡಿನ ಮುಂದೆ ಹೋದೆ. ಅರಿಸಿನದ ಬಟ್ಟೆಯಲ್ಲಿ ಒಂದು ನಾಣ್ಯವಿಟ್ಟು ಮುಡುಪು ಕಟ್ಟಿದೆ. "ನಂಜುಂಡಪ್ಪಾ, ಮಗುವಿನ ದನಿ ಕೇಳಿಸು. ಮೀಸೆ ಒಪ್ಪಿಸ್ತೀನಿ."

ಹಿಂದೆ ನಿಂತಿದ್ದ ಯಜಮಾನರು ಕೇಳಿದರು, "ಯಾರ್ ಮೀಸೆ?"

"ಈ ಮನೇಲಿ ಎಷ್ಟು ಮೀಸೆ ಇದೆ?"

ಅವರು ಬಾಯಿ ತೆರೆಯುವಷ್ಟರಲ್ಲಿ ಫೋನ್ ಬಡಿದುಕೊಂಡಿತು.

"ಅಜ್ಜಿ, ಚಾರ್ಜ್ ಮುಗಿದಿತ್ತು. ಇಡೀ ದಿನ ಲೊಕೇಶನ್, ಮೇಲೆ ನಿನ್ನ ಹತ್ತೊಂಬತ್ತು ಕಾಲ್! ಸದ್ದಲ್ಲಿ ಒಂದೂ ಕೇಳಲಿಲ್ಲ. ಜನಜಂಗುಳೀಲಿ ದಾರಿ ತಪ್ಪಿ ಅಳ್ತಾ ನಿಂತಿದ್ದೆ. ಒಬ್ಬ ಟೋಪಿಯವರೇ ಮೆಲ್ಲಗೆ ಕೈಗೆ ಒಂದು ಮಿಠಾಯಿ ಇಟ್ಟು, ಅವರ ಕಡೆಯವರಿಗೆ ಹೇಳಿ, ಅಂಗಡೀಲಿ ಫೋನ್ ಚಾರ್ಜಿಗೆ ಹಾಕಿಸಿದರು."

"ಅವರು ಯಾರೇ?"

"ಗುಡ್ ಫ್ರೈಡೇ ವಾರದ ಮೆರವಣಿಗೆಯವರು. ಎಷ್ಟೋ ಜನ ಮನೆಯವರಿಗೋಸ್ಕರ ಹರಕೆ ಹೊತ್ತವರಂತೆ. ಬರಿಗಾಲಲ್ಲಿ ನಡೀತಾರೆ. ಯಾರ ಹರಕೆ ಅಂತ ಗೊತ್ತಾಗಬಾರದು ಅಂತ ಮುಖ ಮುಚ್ಕೋತಾರೆ."

ಯಜಮಾನರು ನನ್ನ ಕೈಯಿಂದ ಫೋನ್ ಕಿತ್ತುಕೊಂಡರು.

"ಮಗಾ, ಆ ಟೋಪೀಲಿ ನನ್ಗೂ ಒಂದು ತಕೊಂಡ್ ಬಾ. ನಾಳೆಯಿಂದ ಬೇಕಾಯ್ತದೆ."

4. ಒಪ್ಪಿಸಿದ್ದು

ಸೋಮವಾರ ಬೆಳಿಗ್ಗೆ ಕಪಿಲೆಯ ಸ್ನಾನಘಟ್ಟಕ್ಕೆ ಹೋದೆವು. ದಾರಿಯುದ್ದಕ್ಕೂ ಯಜಮಾನರ ವಾದ.

"ಅವಳು ಫೋನ್ ಮಾಡಿದ್ದು ಚಾರ್ಜರ್ ಸಿಕ್ಕಿದ್ದಕ್ಕೆ. ದೇವ್ರು ಏನ್ಮಾಡ್ದ?"

"ಚಾರ್ಜರ್ ಕೊಡಿಸಿದವನು ಹರಕೆಯವನು."

"ಆ ಹರಕೆಯೋನು ಅವನ ಕಾಲ್ನೇ ನೋಯಿಸ್ಕೊಂಡ. ಎಂಡ್ತಿ ಕಾಲ್ನಲ್ಲ!"

ನಾನು ಮುಂದೆ ನಡೆದು ಕ್ಷೌರದವನನ್ನು ಕರೆದೆ. ಕ್ಷೌರದವನು "ಮೀಸೆ ಮಾತ್ರವಾ ಸಾ? ತಲೆ ಬ್ಯಾಡ್ವಾ?" ಎಂದು ಎರಡು ಸಲ ಕೇಳಿದ. ಯಜಮಾನರು ಕಣ್ಣು ಮುಚ್ಚಿ, "ಬಿರ್‌ಬಿರ್ನೆ ಮಾಡಪ್ಪ" ಎಂದರು. ಎರಡು ನಿಮಿಷದ ಕೆಲಸ. ಎದ್ದು ನಿಂತಾಗ ನನಗೇ ಒಂದು ಕ್ಷಣ ಪರಗಂಡಸಿನ ಪಕ್ಕದಲ್ಲಿ ನಿಂತಂತೆ ಭಯವಾಗಿ ಸೆರಗು ಸರಿಮಾಡಿಕೊಂಡೆ.

ಮಧ್ಯಾಹ್ನ ಮೊಮ್ಮಗಳು ಗ್ರನಾಡಾ ತಲುಪಿ ವಿಡಿಯೊ ಕಾಲ್ ಮಾಡಿದಳು. ನಾನು ಮಾತಾಡುತ್ತಿದ್ದೆ, ಯಜಮಾನರು ನನ್ನ ಹಿಂದಿನಿಂದ ಲುಂಗಿ ಕಟ್ಟಿಕೊಳ್ಳುತ್ತಾ ಹಾದುಹೋದರು. ಮೊಮ್ಮಗಳ ಮುಖ ಬಿಳಿಚಿಕೊಂಡಿತು. ಸ್ವರ ತಗ್ಗಿಸಿ ಹೇಳಿದಳು:

"ಅಜ್ಜಿ, ತಿರುಗಿ ನೋಡಬೇಡ. ಮನೆಯೊಳಗೆ ಯಾರೋ ಬಂದಿದಾರೆ. ಬಾಗಿಲು ಕಡೆ ಮೆಲ್ಲಗೆ ನಡಿ. ನಾನು ಅಮ್ಮನಿಗೆ ಫೋನ್ ಮಾಡ್ತೀನಿ. ತಾತ ಎಲ್ಲಿ?"

ಅಂದಿನ ಡೈರಿಯ ಕೊನೆಯಲ್ಲಿ ಬರೆದದ್ದನ್ನು ಹಾಗೆಯೇ ಇಳಿಸುತ್ತೇನೆ: 'ಸೆವಿಲ್ ಪ್ರವಾಸಕ್ಕೆ ಒಟ್ಟು ಹೋದದ್ದು: ಮೀಸೆ ಒಂದು, ಮೂವತ್ತೆಂಟು ವರ್ಷದ್ದು.'